ಜೀವಕೋಶ ಎಸೆದ ಕಸದ ಚೀಲದಲ್ಲಿ ಟಿಬಿ ಹುಡುಕಿದ ಕಥೆ

ಹೋದ ತಿಂಗಳು ಊರಿಗೆ ಹೋಗಿದ್ದಾಗ ದೊಡ್ಡಮ್ಮನ ಬೀರು ಖಾಲಿ ಮಾಡಿಕೊಡೋ ಕೆಲಸ ನನ್ನ ತಲೆಗೆ ಬಿತ್ತು. ಹಳೇ ರೇಷನ್ ಕಾರ್ಡು, ವಿಮೆ ರಸೀದಿ, ಯಾರ್ಯಾರದೋ ಮದುವೆ ಕಾಗದ. ಅವುಗಳ ಮಧ್ಯೆ ಒಂದು ಲ್ಯಾಬ್ ರಿಪೋರ್ಟ್ ಸಿಕ್ತು. 2010ನೇ ಇಸವಿಯದು. ಟಿಬಿ ಐಜಿಜಿ, ಟಿಬಿ ಐಜಿಎಂ, ಎರಡರ ಮುಂದೂ ದಪ್ಪ ಅಕ್ಷರದಲ್ಲಿ 'ಪಾಸಿಟಿವ್'.

ನನಗಾಗ ಹನ್ನೆರಡು ಹದಿಮೂರು ವರ್ಷ. ದೊಡ್ಡಮ್ಮನ ತಟ್ಟೆ, ಲೋಟ ಬೇರೆ ಇಟ್ಟಿದ್ದು ನೆನಪಿದೆ. ನಮ್ಮನ್ನ ಅವರ ಹತ್ತಿರ ಮಲಗೋಕೆ ಬಿಡ್ತಿರಲಿಲ್ಲ. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ, ಕೆಮ್ಮು ನಿಲ್ಲಲಿಲ್ಲ ಅಂತ ಬೇರೆ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಕಫ ಪರೀಕ್ಷೆ ಮಾಡಿಸಿ, ಎಕ್ಸ್‌ರೇ ನೋಡಿ, 'ಇದು ಟಿಬಿ ಅಲ್ಲಮ್ಮ, ಆಸ್ತಮಾ' ಅಂದರು. ರಕ್ತದ ರಿಪೋರ್ಟನ್ನು ಅವರು ತಿರುಗಿಸಿಯೂ ನೋಡಲಿಲ್ಲವಂತೆ. ಮನೆಯಲ್ಲಿ ಅವತ್ತಿಂದ ಉಳಿದುಕೊಂಡ ಪ್ರಶ್ನೆ ಒಂದೇ: ರಕ್ತದಲ್ಲಿ ಟಿಬಿ ಇದೆ ಅಂತ ಬರೆದುಕೊಟ್ಟರಲ್ಲ, ರಕ್ತ ಸುಳ್ಳು ಹೇಳುತ್ತಾ?

ಈ ಎಪಿಸೋಡ್ ಆ ಪ್ರಶ್ನೆಯಿಂದ ಹುಟ್ಟಿದ್ದು. 2024ರಲ್ಲಿ ಮೈಕ್ರೋಆರ್‌ಎನ್‌ಎಗೆ ನೊಬೆಲ್ ಬಂದಮೇಲೆ 'ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ', 'ಒಂದು ಹನಿ ರಕ್ತದಲ್ಲಿ ಟಿಬಿ ಪತ್ತೆ' ಅನ್ನೋ ಫಾರ್ವರ್ಡ್‌ಗಳನ್ನು ನಿಮ್ಮಲ್ಲಿ ಹಲವರು ನನಗೆ ಕಳಿಸಿದ್ದೀರಿ. ನಾನು ಬಿಕಾಂ ಓದಿದವನು. ಲೆಕ್ಕ ಟ್ಯಾಲಿ ಆಗುತ್ತಾ ಇಲ್ವಾ ಅಂತ ನೋಡೋದು ಮಾತ್ರ ಗೊತ್ತು. ಹಾಗೆ ನೋಡುತ್ತಾ ಹೋದಾಗ ಸಿಕ್ಕ ಇತಿಹಾಸ ಇದು. ಎಪ್ಪತ್ತು ಎಂಬತ್ತು ವರ್ಷದ ಕಥೆ. ಅರ್ಧ ಕಾಲ ಎಲ್ಲರೂ ಇದನ್ನ ಕಸ ಅಂತಲೇ ಅಂದುಕೊಂಡಿದ್ದರು.

ಮೊದಲು, ರಕ್ತದ ಪರೀಕ್ಷೆಯೇ ಯಾಕೆ ಬೇಕು? ಕಫ ಇದೆಯಲ್ಲ?

ಶ್ವಾಸಕೋಶದ ಟಿಬಿಗೆ ಕಫವೇ ಮುಖ್ಯ ಸಾಕ್ಷಿ. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಟಿಬಿ ಬ್ಯಾಕ್ಟೀರಿಯಾವನ್ನು ತೋರಿಸಿದ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಗಾಜಿನ ಪಟ್ಟಿ, ಬಣ್ಣ, ಸೂಕ್ಷ್ಮದರ್ಶಕವೇ ನಮ್ಮ ಆಯುಧ. ಇದರಲ್ಲಿ ನಮ್ಮವರದೂ ಒಂದು ಪಾಲಿದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆಯಲ್ಲ, 1959ರಲ್ಲಿ ಶುರುವಾಗಿದ್ದು, ಅಲ್ಲಿದ್ದ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಹಳ್ಳಿ ಜನಕ್ಕೆ ಕಾಯಿಲೆ ಬಗ್ಗೆ ಅರಿವಿಲ್ಲ, ಅವರಾಗಿಯೇ ಆಸ್ಪತ್ರೆಗೆ ಬರಲ್ಲ ಅನ್ನೋ ನಂಬಿಕೆ ಆಗ ಇತ್ತು. ಇವರು ನೋಡಿದರೆ ಕಫದಲ್ಲಿ ಟಿಬಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದೋ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ರೋಗಿ ಬಂದಿದ್ದ, ಪರೀಕ್ಷೆ ಆಗಿರಲಿಲ್ಲ. ಹಾಗಾದರೆ ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಕಫ ನೋಡಿ ಅನ್ನೋ ವಾದಕ್ಕೆ ಬಲ ಬಂದಿದ್ದು ಇಂಥ ಕೆಲಸದಿಂದ.

ಆದರೆ ಚಿಕ್ಕ ಮಕ್ಕಳು ಕಫ ಉಗುಳಲ್ಲ, ನುಂಗಿಬಿಡುತ್ತಾರೆ. ಎಚ್‌ಐವಿ ಇರೋರ ಕಫದಲ್ಲಿ ಎಷ್ಟೋ ಸಲ ಬ್ಯಾಕ್ಟೀರಿಯಾ ಕಾಣಿಸುವಷ್ಟು ಇರೋದೇ ಇಲ್ಲ. ಬೆನ್ನುಮೂಳೆಗೋ ಮೆದುಳಿನ ಪೊರೆಗೋ ಟಿಬಿ ಬಂದರೆ ಕಫದಿಂದ ಏನು ಗೊತ್ತಾಗುತ್ತೆ? ಜಾಗತಿಕ ಲೆಕ್ಕ ನೋಡಿ. 2023ರಲ್ಲಿ ಸುಮಾರು 1 ಕೋಟಿ 8 ಲಕ್ಷ ಜನಕ್ಕೆ ಟಿಬಿ ಬಂತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪತ್ತೆಯಾಗಿ ದಾಖಲಾದವರು ಸುಮಾರು 82 ಲಕ್ಷ. ನಡುವಿನ 26 ಲಕ್ಷ ಜನ ಲೆಕ್ಕದಲ್ಲೇ ಇಲ್ಲ. ಆ ವರ್ಷ ಸತ್ತವರು 12 ಲಕ್ಷ 50 ಸಾವಿರ. ಹೊಸ ರೋಗಿಗಳಲ್ಲಿ ನಾಲ್ಕರಲ್ಲೊಬ್ಬರು ನಮ್ಮ ದೇಶದವರು. ರಕ್ತದಲ್ಲಿ ಟಿಬಿ ಹುಡುಕೋ ಆಸೆ ದುರಾಸೆ ಏನಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಈಗ ಕಸದ ಕಥೆಗೆ ಬರೋಣ. ಟಿಬಿಯನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡಿ.

1946. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಎರ್ವಿನ್ ಚಾರ್ಗಾಫ್ ಮತ್ತು ರ್‍ಯಾಂಡಾಲ್ಫ್ ವೆಸ್ಟ್ ರಕ್ತ ಹೇಗೆ ಹೆಪ್ಪುಗಟ್ಟುತ್ತೆ ಅಂತ ನೋಡ್ತಾ ಇದ್ದರು. ಮುಂದೆ ಡಿಎನ್‌ಎ ಅಕ್ಷರಗಳ ಅನುಪಾತ ಕಂಡುಹಿಡಿದು ಹೆಸರಾದ ಚಾರ್ಗಾಫ್ ಇವರೇ. ಕೋಶಗಳನ್ನೆಲ್ಲ ತೆಗೆದ ರಕ್ತದ್ರವವನ್ನು ಗುರುತ್ವದ 31,000 ಪಟ್ಟು ಬಲದಲ್ಲಿ ಗಿರಗಿರ ತಿರುಗಿಸಿದರು. ಮೇಲೆ ಉಳಿದ ದ್ರವ ಹೆಪ್ಪುಗಟ್ಟೋಕೆ ಹೆಚ್ಚು ಹೊತ್ತು ತೆಗೆದುಕೊಂಡಿತು. ಅಂದ್ರೆ ಹೆಪ್ಪುಗಟ್ಟಿಸೋ ಏನೋ ಒಂದು ತಳಕ್ಕೆ ಇಳಿದುಹೋಗಿದೆ. ಕೋಶ ಅಲ್ಲ, ಕೋಶಕ್ಕಿಂತ ಎಷ್ಟೋ ಚಿಕ್ಕದು. 1967ರಲ್ಲಿ ಬ್ರಿಟನ್ನಿನ ಪೀಟರ್ ವುಲ್ಫ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿ ಇಟ್ಟ ಹೆಸರು 'ಪ್ಲೇಟ್‌ಲೆಟ್ ಧೂಳು'. ಧೂಳು! ಹೆಸರಲ್ಲೇ ಗೊತ್ತಾಗುತ್ತೆ ಎಷ್ಟು ಮರ್ಯಾದೆ ಇತ್ತು ಅಂತ.

1983ರಲ್ಲಿ ಎರಡು ಗುಂಪುಗಳು ಒಂದೇ ವಿಷಯಕ್ಕೆ ಬಂದು ನಿಂತವು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕ್ಲಿಫರ್ಡ್ ಹಾರ್ಡಿಂಗ್, ಜಾನ್ ಹ್ಯೂಸರ್, ಫಿಲಿಪ್ ಸ್ಟಾಲ್. ಕೆನಡಾದ ಮಾಂಟ್ರಿಯಲ್‌ನಲ್ಲಿ ರೋಸ್ ಜಾನ್‌ಸ್ಟೋನ್ ಮತ್ತು ಅವರ ಜೊತೆಗಾರ ಪ್ಯಾನ್. ಹಾರ್ಡಿಂಗ್ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತೆ. ಒಬ್ಬರು ಇಲಿಯ ರಕ್ತ, ಇನ್ನೊಬ್ಬರು ಕುರಿಯ ರಕ್ತ. ಇಬ್ಬರ ಪ್ರಶ್ನೆಯೂ ಒಂದೇ. ಎಳೆಯ ಕೆಂಪು ರಕ್ತಕಣದ ಮೈಮೇಲೆ ಕಬ್ಬಿಣದ ಅಂಶವನ್ನು ಒಳಗೆಳೆದುಕೊಳ್ಳೋ ಕೊಂಡಿಗಳಿರುತ್ತವೆ. ಕಣ ಬಲಿತ ಮೇಲೆ ಅವು ಇರಲ್ಲ. ಎಲ್ಲಿ ಹೋದವು?

ಕೋಶದೊಳಗೇ ಅರಗಿಹೋಗುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದರು. ನೋಡಿದರೆ ಬೇರೆಯೇ ನಡೆಯುತ್ತಿತ್ತು. ಕೋಶ ಆ ಕೊಂಡಿಗಳನ್ನು ಒಳಗೆಳೆದು, ಒಂದು ದೊಡ್ಡ ಚೀಲದೊಳಗೆ ಹತ್ತಾರು ಪುಟ್ಟ ಚೀಲ ಮಾಡಿ, ಆ ದೊಡ್ಡ ಚೀಲವನ್ನು ಗೋಡೆಗೆ ಒತ್ತಿ ಬಾಯಿ ಬಿಚ್ಚಿ, ಪುಟ್ಟ ಚೀಲಗಳನ್ನೆಲ್ಲ ಹೊರಗೆ ಸುರಿದುಬಿಡುತ್ತಿತ್ತು. ಥೇಟ್ ನಮ್ಮ ಅಪಾರ್ಟ್‌ಮೆಂಟಿನ ಹಾಗೆ. ಮನೆಮನೆಯ ಕಸದ ಕವರುಗಳನ್ನು ದೊಡ್ಡ ಡಬ್ಬಕ್ಕೆ ಹಾಕಿ ಗೇಟಿನಾಚೆ ಬಗ್ಗಿಸೋದು. 1987ರಲ್ಲಿ ಜಾನ್‌ಸ್ಟೋನ್ ಗುಂಪು ಈ ಪುಟ್ಟ ಚೀಲಗಳಿಗೆ 'ಎಕ್ಸೋಸೋಮ್' ಅನ್ನೋ ಹೆಸರನ್ನು ಬಳಸಿತು. ಇವತ್ತು ಇಂಥ ಎಲ್ಲ ಬಗೆಯ ಚೀಲಗಳನ್ನೂ ಸೇರಿಸಿ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್ ಅಂತಾರೆ, ಕೋಶದಾಚೆಯ ಚೀಲ. ನಾನು ಬರೀ ಚೀಲ ಅಂತೀನಿ. ಅಳತೆ ಹೇಳಬೇಕಂದ್ರೆ, ಟಿಬಿ ಬ್ಯಾಕ್ಟೀರಿಯಾ 2ರಿಂದ 4 ಮೈಕ್ರೋಮೀಟರ್ ಉದ್ದ ಇದ್ದರೆ ಈ ಚೀಲ ಒಂದು ಮೈಕ್ರೋಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು.

ಕಸ ವಿಲೇವಾರಿ ಅಂದಮೇಲೆ ಯಾರಿಗೆ ಆಸಕ್ತಿ? ಹತ್ತು ಹನ್ನೆರಡು ವರ್ಷ ಹೆಚ್ಚಿನವರು ಆ ಕಡೆ ತಲೆ ಹಾಕಲಿಲ್ಲ. 1996ರಲ್ಲಿ ಗ್ರಾಸಾ ರಪೋಸೋ ಮತ್ತು ಸಂಗಡಿಗರು ಬಿ ಕೋಶಗಳು ಬಿಡುವ ಚೀಲಗಳು ಟಿ ಕೋಶಗಳನ್ನು ಎಬ್ಬಿಸಬಲ್ಲವು ಅಂತ ತೋರಿಸಿದರು. ರೋಗನಿರೋಧಕ ವ್ಯವಸ್ಥೆ ಇದನ್ನ ಓದುತ್ತೆ! ಕಸ ಆಗಿದ್ದಿದ್ದರೆ ಓದಬೇಕಾದ್ದೇನಿತ್ತು?

ಇದೇ ಹೊತ್ತಿಗೆ, ಇದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕಥೆ ನಡೀತಾ ಇತ್ತು. ಒಂದು ಮಿಲಿಮೀಟರ್ ಉದ್ದದ ಹುಳ, ಸಿ. ಎಲಿಗನ್ಸ್. ಅದರ ಬೆಳವಣಿಗೆಯ ಲಯ ತಪ್ಪಿಸೋ ಲಿನ್-4 ಅನ್ನೋ ಜೀನ್ ಹಿಂದೆ ವಿಕ್ಟರ್ ಆಂಬ್ರೋಸ್ ಬಿದ್ದಿದ್ದರು. ಅವರ ಲ್ಯಾಬಿನಲ್ಲಿ ಈ ಕೆಲಸ ಮಾಡಿದ್ದು ಅವರ ಹೆಂಡತಿ ರೊಸಾಲಿಂಡ್ ಲೀ ಮತ್ತು ರೋಂಡಾ ಫೈನ್‌ಬಾಮ್. 1993ರ ಪ್ರಬಂಧದಲ್ಲಿ ಮೊದಲ ಹೆಸರು ಲೀ ಅವರದು. ನೊಬೆಲ್ ಮಾತ್ರ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್‌ಗೆ ಹೋಯಿತು. ಈ ಬಗ್ಗೆ ನನಗೆ ಒಂದು ಅಭಿಪ್ರಾಯ ಇದೆ, ಇನ್ನೊಂದು ಎಪಿಸೋಡಿಗೆ ಇಟ್ಟುಕೊಂಡಿರ್ತೀನಿ.

ಆ ಜೀನ್ ಪ್ರೋಟೀನನ್ನೇ ತಯಾರಿಸುತ್ತಿರಲಿಲ್ಲ. ಬರೀ 22 ಅಕ್ಷರದ ಒಂದು ಆರ್‌ಎನ್‌ಎ ತುಣುಕು. ರುವ್ಕುನ್ ಕೆಲಸ ಮಾಡುತ್ತಿದ್ದ ಲಿನ್-14 ಜೀನಿನ ಸಂದೇಶಕ್ಕೆ ಅದು ಅಂಟಿಕೊಂಡು, ಪ್ರೋಟೀನ್ ಆಗದ ಹಾಗೆ ತಡೆಯುತ್ತಿತ್ತು. ನಾನು ಇದನ್ನ ಹೀಗೆ ಅರ್ಥ ಮಾಡಿಕೊಂಡೆ. ಡಿಎನ್‌ಎ ಲಾಕರಿನಲ್ಲಿರೋ ಖಾತೆ ಪುಸ್ತಕ. ಮೆಸೆಂಜರ್ ಆರ್‌ಎನ್‌ಎ ಅಂದ್ರೆ ಬರೆದುಕೊಟ್ಟ ಚೆಕ್ಕು. ಪ್ರೋಟೀನ್ ಅಂದ್ರೆ ಕೈಗೆ ಬರೋ ನಗದು. ಮೈಕ್ರೋಆರ್‌ಎನ್‌ಎ ಅಂದ್ರೆ ಬ್ಯಾಂಕಿಗೆ ಹೋಗೋ 'ಸ್ಟಾಪ್ ಪೇಮೆಂಟ್' ಚೀಟಿ. ಚೆಕ್ಕು ಇರುತ್ತೆ, ಸಹಿ ಇರುತ್ತೆ, ದುಡ್ಡು ಮಾತ್ರ ಬರಲ್ಲ.

ಏಳು ವರ್ಷ ಇದು ಹುಳದ ವಿಚಿತ್ರ ಅಂತಲೇ ಮೂಲೆಯಲ್ಲಿತ್ತು. 2000ದಲ್ಲಿ ಲೆಟ್-7 ಅನ್ನೋ ಎರಡನೆಯದು ಸಿಕ್ಕಿ, ಅದು ಮನುಷ್ಯರಲ್ಲೂ ಇದೆ ಅಂತ ಗೊತ್ತಾದಾಗ ಬಾಗಿಲು ತೆರೆಯಿತು.

ಎರಡು ಕಥೆ ಕೂಡಿದ್ದು 2007ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ. ಹಾದಿ ವಲಾದಿ, ಯಾನ್ ಲೋಟ್‌ವಾಲ್ ಮತ್ತು ಸಂಗಡಿಗರು ಈ ಚೀಲಗಳನ್ನು ಬಿಚ್ಚಿ ನೋಡಿದರು. ಒಳಗೆ ಸುಮಾರು 1,300 ಜೀನುಗಳ ಮೆಸೆಂಜರ್ ಆರ್‌ಎನ್‌ಎ, ಸುಮಾರು 120 ಬಗೆಯ ಮೈಕ್ರೋಆರ್‌ಎನ್‌ಎ. ಇಲಿಯ ಕೋಶದ ಚೀಲಗಳನ್ನು ಮನುಷ್ಯನ ಕೋಶಕ್ಕೆ ಕೊಟ್ಟರೆ, ಮನುಷ್ಯನ ಕೋಶದಲ್ಲಿ ಇಲಿಯ ಪ್ರೋಟೀನ್ ಕಾಣಿಸಿಕೊಂಡಿತು. ಕಸದ ಕವರೊಳಗೆ ಚೆಕ್ಕೂ ಇತ್ತು, ಸ್ಟಾಪ್ ಪೇಮೆಂಟ್ ಚೀಟಿಯೂ ಇತ್ತು. ಅದು ಪಕ್ಕದ ಬ್ಯಾಂಕಿನಲ್ಲಿ ನಡೆಯುತ್ತಲೂ ಇತ್ತು.

ಇಲ್ಲಿಂದ ಟಿಬಿಗೆ ವಾಪಸ್.

ಟಿಬಿ ಬ್ಯಾಕ್ಟೀರಿಯಾದ ಬುದ್ಧಿ ಗೊತ್ತಲ್ಲ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತೆ. ಅಲ್ಲಿ ಕಾವಲಿಗಿರೋ ಮ್ಯಾಕ್ರೋಫೇಜ್ ಅನ್ನೋ ಕೋಶ ಅದನ್ನ ನುಂಗುತ್ತೆ. ನುಂಗಿದ್ದನ್ನು ಅರಗಿಸಬೇಕು. ಆದರೆ ಈ ಬ್ಯಾಕ್ಟೀರಿಯಾ ಅರಗಿಸೋ ಪ್ರಕ್ರಿಯೆಯನ್ನೇ ತಡೆದು, ಕಾವಲುಗಾರನ ಹೊಟ್ಟೆಯಲ್ಲೇ ಮನೆ ಮಾಡಿಕೊಂಡುಬಿಡುತ್ತೆ. ಹಾಗೆ ಅಡಗಿ ಕೂತಿರೋದರ ಸುಳಿವು ಹೊರಗಿನವರಿಗೆ ಸಿಗೋದು ಹೇಗೆ? ಕಾವಲುಗಾರ ಹೊರಗೆಸೆಯೋ ಚೀಲದಿಂದ.

2000ದಲ್ಲೇ ಸೇಂಟ್ ಲೂಯಿಸ್‌ನ ವ್ಯಾಂಡಿ ಬೀಟಿ, ಡೇವಿಡ್ ರಸೆಲ್ ಮತ್ತಿತರರು ಸೋಂಕಿತ ಮ್ಯಾಕ್ರೋಫೇಜಿನಿಂದ ಬ್ಯಾಕ್ಟೀರಿಯಾದ ಕೊಬ್ಬಿನಂಶಗಳು ಹೊರಗೆ ಬರುತ್ತವೆ, ಪಕ್ಕದ ಕೋಶಗಳಿಗೂ ಹೋಗುತ್ತವೆ ಅಂತ ತೋರಿಸಿದ್ದರು. 2007ರಲ್ಲಿ ಇಂಡಿಯಾನಾದ ನಾಟ್ರ ಡಾಮ್ ವಿಶ್ವವಿದ್ಯಾಲಯದ ಜೆಫ್ರಿ ಶೋರಿ ಮತ್ತು ಸಂಚಿತಾ ಭಟ್ನಾಗರ್ ಸೋಂಕಿತ ಕೋಶಗಳ ಎಕ್ಸೋಸೋಮನ್ನೇ ಬೇರ್ಪಡಿಸಿ ನೋಡಿದರು. ಟಿಬಿ ಬ್ಯಾಕ್ಟೀರಿಯಾ, ಬಿಸಿಜಿ, ಜೊತೆಗೆ ಮೈಕೋಬ್ಯಾಕ್ಟೀರಿಯಂ ಏವಿಯಂ. ಈ ಕೊನೆಯದು ಟಿಬಿಯಲ್ಲ, ಆದರೆ ಅದೇ ಕುಟುಂಬದ್ದು. ಶ್ವಾಸಕೋಶಕ್ಕೆ ತಗಲಿದರೆ ಟಿಬಿಯ ಹಾಗೇ ಕಾಡುತ್ತೆ. ಮೂರರಲ್ಲೂ ಚೀಲದ ಜೊತೆ ಬ್ಯಾಕ್ಟೀರಿಯಾದ ಅಂಶಗಳು ಬಂದವು. ಆರೋಗ್ಯವಂತ ಕೋಶಕ್ಕೆ ಅವನ್ನು ಕೊಟ್ಟರೆ ಅದು ಉರಿಯೂತದ ಗಂಟೆ ಬಾರಿಸಿತು. 2013ರಲ್ಲಿ ಇದೇ ಗುಂಪು ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಎಕ್ಸೋಸೋಮ್ ಚುಚ್ಚಿಸಿಕೊಂಡ ಇಲಿಗಳಿಗೆ ಟಿಬಿಯಿಂದ ಒಂದಿಷ್ಟು ರಕ್ಷಣೆ ಸಿಗುತ್ತೆ ಅಂತ ತೋರಿಸಿತು. ಕಸದಿಂದ ರಸ, ಅಕ್ಷರಶಃ.

ಇಷ್ಟಕ್ಕೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿರೋ ಕಥೆ ಅಲ್ವಾ? ಕಾವಲುಗಾರ ಸೆರೆಯಲ್ಲಿದ್ದುಕೊಂಡೇ ಪತ್ರ ಬರೆದು ಹೊರಗೆಸೆಯುತ್ತಾನೆ, ಊರು ಎಚ್ಚೆತ್ತುಕೊಳ್ಳುತ್ತೆ. ನಾನೂ ಮೊದಲು ಹೀಗೇ ಸ್ಕ್ರಿಪ್ಟ್ ಬರೆದಿದ್ದೆ. ಆಮೇಲೆ 2011ರ ಒಂದು ಪ್ರಬಂಧ ಓದಿ ಆ ಪುಟ ಹರಿದುಹಾಕಬೇಕಾಯಿತು.

ನ್ಯೂಯಾರ್ಕಿನಲ್ಲಿ ಆರ್ಟುರೋ ಕಾಸಾಡೆವಾಲ್ ಅವರ ಲ್ಯಾಬು. ರಫಾಯೆಲ್ ಪ್ರಾಡೋಸ್ ರೊಸಾಲೆಸ್ ಮತ್ತು ಇತರರು ತೋರಿಸಿದ್ದೇನು ಅಂದ್ರೆ, ಟಿಬಿ ಬ್ಯಾಕ್ಟೀರಿಯಾ ತಾನೇ ಚೀಲ ಬಿಡುತ್ತೆ! ಕೋಶದ ಹಂಗಿಲ್ಲದೆ, ಬರೀ ದ್ರಾವಣದಲ್ಲಿ ಬೆಳೆಸಿದಾಗಲೂ. ಇಷ್ಟು ದಪ್ಪ, ಮೇಣದಂಥ ಗೋಡೆ ಇರೋ ಬ್ಯಾಕ್ಟೀರಿಯಾದಿಂದ ಚೀಲ ಹೊರಗೆ ಬರುತ್ತೆ ಅಂತ ಹೆಚ್ಚಿನವರು ಎಣಿಸಿರಲಿಲ್ಲ. ಇಲಿಗಳಿಗೆ ಆ ಚೀಲಗಳನ್ನು ಮೊದಲೇ ಕೊಟ್ಟು ಆಮೇಲೆ ಟಿಬಿ ಸೋಂಕು ತಗುಲಿಸಿದರೆ, ಕಾಯಿಲೆ ಇನ್ನೂ ಜೋರಾಯಿತು.

ಹಾಗಾದರೆ ಸೋಂಕಿತ ಕೋಶದಿಂದ ಹೊರಗೆ ಬರೋ ಚೀಲಗಳ ರಾಶಿಯಲ್ಲಿ ಕಾವಲುಗಾರನದು ಯಾವುದು, ಕಳ್ಳನದು ಯಾವುದು?

ಇದನ್ನ ಬಿಡಿಸೋಕೆ ಕೂತವರಲ್ಲಿ ಒಬ್ಬರು ಕ್ಲಿಫರ್ಡ್ ಹಾರ್ಡಿಂಗ್. ಹೌದು, 1983ರ ಅದೇ ಹಾರ್ಡಿಂಗ್. ಇಲಿಯ ಕೆಂಪು ರಕ್ತಕಣ ಕಸ ಎಸೆಯೋದನ್ನು ನೋಡಿದ ಹುಡುಗ ಈಗ ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಟಿಬಿ ಹಿಂದೆ ಬಿದ್ದ ಪ್ರೊಫೆಸರ್. ಮೂವತ್ತು ವರ್ಷ ಒಂದೇ ಚೀಲದ ಬೆನ್ನು ಹತ್ತೋದು ಅಂದ್ರೆ ಏನು ಅಂತ ಆರು ತಿಂಗಳಿಗೊಮ್ಮೆ ಕೆಲಸ ಬದಲಿಸೋ ನನ್ನಂಥವನಿಗೆ ಊಹಿಸೋಕೂ ಕಷ್ಟ. ಅವರ ಗುಂಪಿನ ಜಾಫ್ರಿ ಆತ್‌ಮನ್ ಮುಂದಾಳಾಗಿ 2015ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಸೋಂಕಿತ ಮ್ಯಾಕ್ರೋಫೇಜ್ ಬಿಟ್ಟ ಚೀಲಗಳನ್ನು ಸಾಂದ್ರತೆ ನೋಡಿ ಪದರ ಪದರವಾಗಿ ಬೇರ್ಪಡಿಸಿದರು. ಎಕ್ಸೋಸೋಮಿನ ಗುರುತಾದ ಸಿಡಿ9, ಸಿಡಿ63 ಪ್ರೋಟೀನುಗಳಿಗೆ ಗಾಳ ಹಾಕಿ ಕಾವಲುಗಾರನ ಚೀಲಗಳನ್ನು ಎಳೆದು ತೆಗೆದರು. ಉಳಿದದ್ದರಲ್ಲೇ ಬ್ಯಾಕ್ಟೀರಿಯಾದ ಅಂಶಗಳಲ್ಲಿ ಹೆಚ್ಚಿನದು ಇತ್ತು. ಅಂದ್ರೆ ಟಿಬಿಯ ಸುಳಿವು ಹೊತ್ತು ಬರುತ್ತಿದ್ದ ಚೀಲ ಬಹುಪಾಲು ಬ್ಯಾಕ್ಟೀರಿಯಾ ತಾನೇ ಬಿಟ್ಟಿದ್ದು, ಕಾವಲುಗಾರನ ಬಾಗಿಲಿಂದ ಹೊರಗೆ ಬಂದಿತ್ತು ಅಷ್ಟೇ. 2017ರಲ್ಲಿ ಅದೇ ಗುಂಪು, ಬ್ಯಾಕ್ಟೀರಿಯಾದ ಚೀಲಗಳು ಟಿ ಕೋಶಗಳನ್ನು ಮಂಕು ಮಾಡುತ್ತವೆ ಅಂತಲೂ ತೋರಿಸಿತು.

ಹಳೇ ಪ್ರಯೋಗಗಳೆಲ್ಲ ತಪ್ಪು ಅಂತ ಇದರ ಅರ್ಥ ಅಲ್ಲ. ಎರಡೂ ಬಗೆಯ ಚೀಲ ಇದೆ, ಎರಡೂ ಕೆಲಸ ಮಾಡುತ್ತವೆ. ಆದರೆ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ 'ಎಕ್ಸೋಸೋಮ್' ಅಂತ ಚೀಟಿ ಅಂಟಿಸಿದರೆ ಲೆಕ್ಕ ಟ್ಯಾಲಿ ಆಗಲ್ಲ. ಲಸಿಕೆ ಮಾಡ್ತೀನಿ ಅಂತ ಹೊರಟವರಿಗೆ ಇದು ಪ್ರಾಣದ ಪ್ರಶ್ನೆ. ಒಂದು ಚೀಲ ಊರನ್ನು ಎಬ್ಬಿಸುತ್ತೆ, ಇನ್ನೊಂದು ಮಲಗಿಸುತ್ತೆ.

ಈಗ ಮೈಕ್ರೋಆರ್‌ಎನ್‌ಎ ಪಾಲು. 2011ರಲ್ಲಿ ಓಹಾಯೋದ ಗುಂಪೊಂದು, ಟಿಬಿ ಬ್ಯಾಕ್ಟೀರಿಯಾದ ಗೋಡೆಯ ಒಂದು ಅಂಶ ಮ್ಯಾಕ್ರೋಫೇಜಿನಲ್ಲಿ ಎಂಐಆರ್-125ಬಿ ಅನ್ನೋ ಸ್ಟಾಪ್ ಪೇಮೆಂಟ್ ಚೀಟಿಯನ್ನು ಹೆಚ್ಚಿಸಿ, ಟಿಎನ್‌ಎಫ್ ಅನ್ನೋ ಮುಖ್ಯ ಅಸ್ತ್ರ ತಯಾರಾಗದ ಹಾಗೆ ಮಾಡುತ್ತೆ ಅಂತ ತೋರಿಸಿತು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕೆ.ಎನ್. ಬಾಲಾಜಿ ಅವರ ಗುಂಪಿನ ಪ್ರಬಂಧ ಬಂತು. ಬಿಸಿಜಿ ಹೊಕ್ಕ ಮ್ಯಾಕ್ರೋಫೇಜ್ ತನ್ನನ್ನು ತಾನೇ ಕೊಂದುಕೊಳ್ಳೋಕೆ ಎಂಐಆರ್-155 ಬೇಕೇ ಬೇಕು ಅಂತ. 2016ರಲ್ಲಿ ನ್ಯೂಯಾರ್ಕಿನಿಂದ ಎಂಐಆರ್-33 ಕಥೆ. ಕೋಶ ತನ್ನೊಳಗಿನ ಬೇಡದ್ದನ್ನು ಅರಗಿಸೋ ವ್ಯವಸ್ಥೆಯನ್ನೇ ಬ್ಯಾಕ್ಟೀರಿಯಾ ಈ ಚೀಟಿ ಬಳಸಿ ನಿಲ್ಲಿಸುತ್ತೆ, ಕೊಬ್ಬನ್ನು ಕೂಡಿಡಿಸುತ್ತೆ. ಕಳ್ಳ ಮನೆಯವರ ಚೆಕ್‌ಬುಕ್ ಹಿಡಿದು ಬ್ಯಾಂಕಿಗೆ ಪತ್ರ ಬರೆಯೋದು ಅಂದ್ರೆ ಇದು.

ಇವೆಲ್ಲ ಕೋಶದೊಳಗಿನ ಮಾತು. ಇದೇ ಚೀಟಿಗಳು ರಕ್ತದಲ್ಲಿ ಸಿಕ್ಕರೆ? 2011ರಲ್ಲಿ ಚೀನಾದ ಒಂದು ಗುಂಪು ಶ್ವಾಸಕೋಶದ ಟಿಬಿ ರೋಗಿಗಳ ರಕ್ತದಲ್ಲಿ, ಕಫದಲ್ಲಿ ಎಂಐಆರ್-29ಎ ಹೆಚ್ಚಿದೆ ಅಂತ ಬರೆಯಿತು. ಅದಾದಮೇಲೆ ಇಂಥ ಪ್ರಬಂಧಗಳ ಮಳೆ. ಒಂದೊಂದು ಪ್ರಬಂಧದಲ್ಲಿ ಒಂದೊಂದು ಪಟ್ಟಿ. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ಕಡೆ ಒಂದಕ್ಕೊಂದು ಹೊಂದಲ್ಲ.

ಯಾಕೆ ಅನ್ನೋದಕ್ಕೆ ಎರಡು ಆಡಿಟ್ ರಿಪೋರ್ಟ್ ಹೇಳ್ತೀನಿ. ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಎರಡೂ ಸಿಯಾಟಲ್‌ನಲ್ಲಿ ಮುನೀಶ್ ತೇವಾರಿ ಅವರ ಬಳಗದಿಂದ ಬಂದದ್ದು. 2011ರಲ್ಲಿ ಅವರು ಹೇಳಿದ್ದು: ರಕ್ತದಲ್ಲಿ ಓಡಾಡೋ ಮೈಕ್ರೋಆರ್‌ಎನ್‌ಎಯಲ್ಲಿ ಬಹುಪಾಲು ಚೀಲದೊಳಗೆ ಇಲ್ಲವೇ ಇಲ್ಲ. ಆರ್ಗೊನಾಟ್ ಅನ್ನೋ ಪ್ರೋಟೀನಿಗೆ ಅಂಟಿಕೊಂಡು ಹೊರಗೇ ತೇಲುತ್ತಿದೆ. 2014ರಲ್ಲಿ ಅವರು ಇನ್ನೂ ಸರಳವಾದ ಕೆಲಸ ಮಾಡಿದರು. ಚೀಲ ಎಷ್ಟಿದೆ ಎಣಿಸಿದರು, ಮೈಕ್ರೋಆರ್‌ಎನ್‌ಎ ಎಷ್ಟಿದೆ ಎಣಿಸಿದರು, ಭಾಗಿಸಿದರು. ಅತಿ ಹೇರಳವಾದ ಮೈಕ್ರೋಆರ್‌ಎನ್‌ಎಯದೇ ಒಂದು ಪ್ರತಿ ಸಿಗಬೇಕಾದರೂ ಸರಾಸರಿ ನೂರಕ್ಕೂ ಹೆಚ್ಚು ಎಕ್ಸೋಸೋಮ್ ಬಿಚ್ಚಬೇಕು! 'ಎಕ್ಸೋಸೋಮ್ ಅಂದ್ರೆ ಮೈಕ್ರೋಆರ್‌ಎನ್‌ಎ ತುಂಬಿದ ಅಂಚೆ ಚೀಲ' ಅನ್ನೋ ಚಿತ್ರ ಏಳು ವರ್ಷದಿಂದ ಎಲ್ಲ ಸ್ಲೈಡುಗಳಲ್ಲೂ ಓಡುತ್ತಿತ್ತು. ಯಾರೋ ಒಬ್ಬರು ಕೂತು ಭಾಗಾಕಾರ ಮಾಡೋಕೆ ಅಷ್ಟು ಕಾಲ ಬೇಕಾಯಿತು. ಇದರ ಜೊತೆಗೆ, ರಕ್ತ ತೆಗೆಯುವಾಗ ನಾಲ್ಕು ಕೆಂಪು ಕಣ ಒಡೆದುಹೋದರೂ ಅವುಗಳೊಳಗಿನ ಮೈಕ್ರೋಆರ್‌ಎನ್‌ಎ ಸುರಿದು ಲೆಕ್ಕ ಕೆಡುತ್ತೆ. ಅದೇ 2014ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ, ಚೀಲ ಸಿಕ್ಕಿದೆ ಅಂತ ಹೇಳಬೇಕಾದರೆ ಕನಿಷ್ಠ ಏನೇನು ತೋರಿಸಬೇಕು ಅಂತ ನಿಯಮಾವಳಿ ತಂದಿತು. 2018ರಲ್ಲಿ, 2023ರಲ್ಲಿ ಅದನ್ನ ಪರಿಷ್ಕರಿಸಿದರು.

ಈಗ ದೊಡ್ಡಮ್ಮನ ರಿಪೋರ್ಟಿಗೆ ಬರ್ತೀನಿ. ಅದರಲ್ಲಿ ನೋಡಿದ್ದು ಆಂಟಿಬಾಡಿ. ಆಂಟಿಬಾಡಿ ಬ್ಯಾಕ್ಟೀರಿಯಾದ್ದಲ್ಲ, ನಮ್ಮ ದೇಹ ಕೊಟ್ಟ ಉತ್ತರ. ಜಗತ್ತಿನ ಸುಮಾರು ಕಾಲು ಭಾಗ ಜನಕ್ಕೆ ಯಾವಾಗಲೋ ಟಿಬಿ ಸೋಂಕು ತಗಲಿರುತ್ತೆ, ಹೆಚ್ಚಿನವರಿಗೆ ಕಾಯಿಲೆ ಬರೋದೇ ಇಲ್ಲ. ಎಂದೋ ಮುಗಿದ ಜಗಳದ ನೆನಪನ್ನು ಇವತ್ತಿನ ಜಗಳ ಅಂತ ಓದಿದರೆ ದೊಡ್ಡಮ್ಮನ ತಟ್ಟೆ ಬೇರೆ ಆಗುತ್ತೆ.

ಈ ಎಡವಟ್ಟಿಗೆ ಹಳೇ ಅಜ್ಜ ಒಬ್ಬ ಇದ್ದಾನೆ. 1890ರ ಆಗಸ್ಟಿನಲ್ಲಿ, ಬರ್ಲಿನ್ನಿನ ವೈದ್ಯಕೀಯ ಸಮ್ಮೇಳನದಲ್ಲಿ ಕಾಖ್ ಟಿಬಿಗೆ ಔಷಧಿ ಸಿಕ್ಕಿದೆ ಅನ್ನೋ ಸೂಚನೆ ಕೊಟ್ಟ. ಏನು ಔಷಧಿ ಅಂತ ಹೇಳಲಿಲ್ಲ. ಯುರೋಪಿನ ರೋಗಿಗಳೆಲ್ಲ ಬರ್ಲಿನ್ನಿಗೆ ನುಗ್ಗಿದರು. ಷರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್, ಆಗ ವೈದ್ಯನಾಗಿದ್ದವನು, ಅದೇ ನವೆಂಬರಿನಲ್ಲಿ ಅಲ್ಲಿಗೆ ಹೋಗಿ ನೋಡಿ, ಸ್ವಲ್ಪ ತಾಳಿ ಅನ್ನೋ ಧಾಟಿಯಲ್ಲಿ ಬರೆದ. 1891ರ ಹೊತ್ತಿಗೆ ಔಷಧಿ ಪಡೆದವರ ಹೆಣಗಳನ್ನು ಕೊಯ್ದು ನೋಡಿದ ರುಡಾಲ್ಫ್ ವಿರ್ಕೋ, ಒಳಗೆ ಟಿಬಿ ಹರಡಿದೆ ಅಂದ. ಆ ಟ್ಯುಬರ್ಕುಲಿನ್ ಔಷಧಿಯಾಗಿ ಸೋತು, 1907ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಕೈಯಲ್ಲಿ ಚರ್ಮದ ಪರೀಕ್ಷೆಯಾಯಿತು. ಅದು ಓದೋದೂ ದೇಹದ ಉತ್ತರವನ್ನೇ. ಸೋಂಕು ತಗಲಿದೆ ಅನ್ನುತ್ತೆ, ಕಾಯಿಲೆ ಇದೆಯಾ ಅಂದ್ರೆ ಸುಮ್ಮನಾಗುತ್ತೆ.

2011ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟಿಬಿ ವಿಷಯದಲ್ಲಿ ಮೊದಲ ಬಾರಿಗೆ 'ಇದನ್ನ ಬಳಸಬೇಡಿ' ಅಂತ ಖಡಾಖಂಡಿತವಾಗಿ ಹೇಳಿತು. ಅದು ಈ ಆಂಟಿಬಾಡಿ ರಕ್ತಪರೀಕ್ಷೆಗಳ ಬಗ್ಗೆ. ಅದಕ್ಕಾಗಿ ಒಟ್ಟುಗೂಡಿಸಿದ ಅಧ್ಯಯನಗಳಲ್ಲಿ ಶ್ವಾಸಕೋಶದ ಟಿಬಿಯನ್ನು ಹಿಡಿಯೋ ಸಾಮರ್ಥ್ಯ 0ಯಿಂದ 100 ಪ್ರತಿಶತದವರೆಗೆ ಓಲಾಡುತ್ತಿತ್ತು. ಟಿಬಿ ಇಲ್ಲದವರನ್ನು ಸರಿಯಾಗಿ ಬಿಡೋ ಸಾಮರ್ಥ್ಯ 31ರಿಂದ 100. ಸೊನ್ನೆಯಿಂದ ನೂರು! ನಾಣ್ಯ ಚಿಮ್ಮಿದರೂ ಇದಕ್ಕಿಂತ ನಂಬಿಕಸ್ಥ. ಆಗ ಮಾರುಕಟ್ಟೆಯಲ್ಲಿ ಇಂಥ ಕನಿಷ್ಠ 18 ಪರೀಕ್ಷೆಗಳಿದ್ದವು, ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ನಡೆಯುತ್ತಿದ್ದವು, ಕೆಲವರು 30 ಡಾಲರ್‌ವರೆಗೂ ಕೊಡುತ್ತಿದ್ದರು. ಹೆಚ್ಚಿನವು ತಯಾರಾಗುತ್ತಿದ್ದದ್ದು ಯುರೋಪು, ಉತ್ತರ ಅಮೆರಿಕದಲ್ಲಿ. ಮಾನ್ಯತೆ ಪಡೆದ ಯಾವ ನಿಯಂತ್ರಕರೂ ಒಪ್ಪಿಗೆ ಕೊಟ್ಟಿರದಿದ್ದರೂ ಖರೀದಿ ಮಾಡುತ್ತಿದ್ದವರು ನಮ್ಮಂಥವರು. 2012ರ ಜೂನ್‌ನಲ್ಲಿ ಭಾರತ ಸರ್ಕಾರ ನಿಷೇಧಿಸಿತು. ದೊಡ್ಡಮ್ಮನ ರಿಪೋರ್ಟಿಗೆ ಆಗ ಎರಡು ವರ್ಷ ವಯಸ್ಸು.

ಹಾಗಾದರೆ ಹೊಸ ರಕ್ತಪರೀಕ್ಷೆಗಳನ್ನು ಹೇಗೆ ನೋಡಬೇಕು? ನನ್ನ ಲೆಕ್ಕದಲ್ಲಿ ಮೈಕ್ರೋಆರ್‌ಎನ್‌ಎ ಮತ್ತು ಚೀಲ ಇಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಎಂಐಆರ್-155, ಎಂಐಆರ್-29ಎ ಇವೆಲ್ಲ ನಮ್ಮವೇ, ದೇಹದ ಉತ್ತರಗಳೇ. ಬೇರೆ ಉರಿಯೂತ, ಬೇರೆ ಸೋಂಕಿಗೂ ಇವು ಏರಿಳಿಯುತ್ತವೆ. ಆಂಟಿಬಾಡಿಗೆ ಬಂದ ಗತಿಯೇ ಇವಕ್ಕೂ ಬರಬಹುದು ಅನ್ನೋ ಅನುಮಾನ ನನಗೆ ಬಲವಾಗಿದೆ. ಹತ್ತಾರನ್ನು ಒಟ್ಟಿಗೆ ಓದಿದರೆ ಗೆಲ್ಲಬಹುದೇನೋ. ಆದರೆ ಚೀಲದ ಮೇಲೆ ಬ್ಯಾಕ್ಟೀರಿಯಾದ ಅಂಶವೇ ಅಂಟಿಕೊಂಡಿದ್ದರೆ ಅದು ಉತ್ತರ ಅಲ್ಲ, ಕಳ್ಳನ ಬೆರಳಚ್ಚು.

2022ರಲ್ಲಿ ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದ ಟೋನಿ ಹು ಮತ್ತು ಸಂಗಡಿಗರು ಈ ದಾರಿ ಹಿಡಿದು ಮಕ್ಕಳ ರಕ್ತ ನೋಡಿದರು. ಎಚ್‌ಐವಿ ಇದ್ದು, ರೋಗನಿರೋಧಕ ಶಕ್ತಿ ತೀರಾ ಕುಸಿದು ಆಸ್ಪತ್ರೆ ಸೇರಿದ್ದ 147 ಮಕ್ಕಳು. ಚೀಲಗಳ ಮೇಲೆ ಬ್ಯಾಕ್ಟೀರಿಯಾದ ಎರಡು ಅಂಶಗಳನ್ನು ಹುಡುಕಿದರು, ಎಲ್‌ಎಎಂ ಅನ್ನೋ ಕೊಬ್ಬುಸಕ್ಕರೆ ಮತ್ತು ಅದನ್ನು ಹೊರುವ ಪ್ರೋಟೀನ್. ಹಾರ್ಡಿಂಗ್ ಗುಂಪು ಬ್ಯಾಕ್ಟೀರಿಯಾದ ಚೀಲಗಳಲ್ಲಿ ಕಂಡಿದ್ದೂ ಇಂಥವನ್ನೇ. ಪತ್ತೆಗೆ ಚೀಲ ಯಾರದಾದರೇನು, ಬೆರಳಚ್ಚು ಇದ್ದರೆ ಸಾಕು. 78 ಮಕ್ಕಳಲ್ಲಿ ಟಿಬಿ ಇತ್ತು. ಪರೀಕ್ಷೆ ಅವರಲ್ಲಿ 58 ಮಕ್ಕಳನ್ನು ಹಿಡಿಯಿತು. ಆ 78ರಲ್ಲಿ 66 ಮಕ್ಕಳ ಟಿಬಿ ಬ್ಯಾಕ್ಟೀರಿಯಾ ಹುಡುಕೋ ಮಾಮೂಲಿ ಪರೀಕ್ಷೆಗಳಿಗೆ ಸಿಕ್ಕಿರಲೇ ಇಲ್ಲ. ಅವರಲ್ಲಿ 48 ಮಕ್ಕಳು ಇದಕ್ಕೆ ಸಿಕ್ಕರು. 20 ಮಕ್ಕಳು ತಪ್ಪಿಹೋದರು, ಅದನ್ನೂ ಸೇರಿಸಿಯೇ ಹೇಳಬೇಕು. ಒಂದು ಅಧ್ಯಯನ, ಒಂದೇ ಬಗೆಯ ಮಕ್ಕಳು. ಚೀಲ ಅಥವಾ ಮೈಕ್ರೋಆರ್‌ಎನ್‌ಎ ನೋಡಿ ಟಿಬಿ ಹೇಳೋ ಯಾವ ಪರೀಕ್ಷೆಗೂ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಇನ್ನೂ ಸಿಕ್ಕಿಲ್ಲ. ಇವತ್ತು ನಿಮಗೆ ಎರಡು ವಾರ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಡಿ, ಮಾಲಿಕ್ಯುಲರ್ ಪರೀಕ್ಷೆ ಉಚಿತವಾಗಿ ಆಗುತ್ತೆ.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ಚೀಲ, ಚೆಕ್ಕು, ಕಳ್ಳ, ಎಲ್ಲ. ಇನ್‌ಹೇಲರ್ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಕೊನೆಗೆ ಅವರು ಕೇಳಿದ್ದು ಒಂದೇ. "ಆವತ್ತು ರಕ್ತಕ್ಕೆ ಅಂತ ಎಂಟುನೂರು ರೂಪಾಯಿ ಕೊಟ್ಟಿದ್ವಲ್ಲ, ಆ ರಸೀದಿ ಸಿಕ್ತೇನೋ?" ರಸೀದಿ ಸಿಕ್ಕಿರಲಿಲ್ಲ. ರಿಪೋರ್ಟನ್ನು ಮಡಿಸಿ ಮತ್ತೆ ಬೀರುವಿನಲ್ಲೇ ಇಟ್ಟರು.